ಜುಗೂಳದ ಜಪಮಾಲೆಯ ನೊಣ

ತೊಂಬತ್ತನಾಲ್ಕರ ಮಾರ್ಚ್ ತಿಂಗಳ ಕೊನೆಯ ವಾರ. ಧಾರವಾಡದಿಂದ ಹೊರಟು ರಾಯಬಾಗ ಸ್ಟೇಶನ್ನಿನಲ್ಲಿ ಇಳಿದಾಗ ಹನ್ನೊಂದು ಗಂಟೆ ದಾಟಿತ್ತು. ಅಥಣಿಯಲ್ಲಿ ಒಂದು, ನಿಪ್ಪಾಣಿಯಲ್ಲಿ ಒಂದು ಕಾಲೇಜಿನ ಬಿ.ಎಸ್ಸಿ. ಪ್ರಾಣಿಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ಪರೀಕ್ಷಕನಾಗಿ ಹೋಗುವುದಿತ್ತು. ಚೀಲದಲ್ಲಿ ಎರಡು ಅಂಗಿ, ಒಂದು ಟವೆಲ್ಲು, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ. ಅದನ್ನು ಬಿಟ್ಟು ನಾನು ಸಂತೆಗೂ ಹೋಗುವವನಲ್ಲ. ನನ್ನ ವಿಷಯ ನೊಣ. ಸಹೋದ್ಯೋಗಿಗಳು ಹಿಂದಿನಿಂದ ನನ್ನನ್ನು ‘ನೊಣದ ಮಾಸ್ತರ’ ಎನ್ನುತ್ತಾರೆ, ಮುಂದಿನಿಂದಲೂ ಎನ್ನುತ್ತಾರೆ. ಬೇಸರವಿಲ್ಲ. ಯಾವ ನೊಣ ತೋರಿಸಿದರೂ ಹೆಸರು ತಪ್ಪಿ ಹೇಳಿದವನಲ್ಲ ಎಂಬ ಜಂಭ ಅಂದು ನನಗಿತ್ತು.

ರಾಯಬಾಗದಿಂದ ಅಥಣಿಗೆ ಬಸ್ಸು. ಏಳು ರೂಪಾಯಿ ಟಿಕೆಟ್ಟು, ಹನ್ನೆರಡು ರೂಪಾಯಿಯಷ್ಟು ಧೂಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಗಿ ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಖಾನಾವಳಿಯಲ್ಲಿ ತಣ್ಣಗಾದ ರೊಟ್ಟಿ, ಝುಣಕ, ಬಾಯಿ ಸುಡುವಷ್ಟು ಖಾರ. ಮರುದಿನ ಪರೀಕ್ಷೆ ಮುಗಿಸಿ ಕಾಲೇಜಿನ ಮೆಟ್ಟಿಲು ಇಳಿಯುತ್ತಿದ್ದಾಗ ಬಿಳಿ ಟೋಪಿಯ, ಐವತ್ತರ ಆಸುಪಾಸಿನ ಒಬ್ಬ ರೈತ ಎದುರು ಬಂದು ನಿಂತರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಹಳೆಯ ಮಾಸಿಕದ ಹಾಳೆ. ಅಂಬರಿನಲ್ಲಿ ಸಿಕ್ಕ ನೊಣಗಳ ಬಗ್ಗೆ ನಾನು ಎಂದೋ ಬರೆದ ಲೇಖನ ಅದು. ನನ್ನ ಲೇಖನ ಓದಿದವರನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ಅಂಬರ್ ಎಂದರೆ ಮರದ ಅಂಟು. ಕೋಟ್ಯಂತರ ವರ್ಷ ನೆಲದಲ್ಲಿ ಹೂತು ಕಲ್ಲಿನಂತಾದದ್ದು. ಜೇನಿನ ಬಣ್ಣ, ಕೈಗೆ ಹಗುರ. ಅಂಟು ಹಸಿಯಾಗಿದ್ದಾಗ ಅದರ ಮೇಲೆ ಕೂತ ನೊಣ ಸಿಕ್ಕಿಬಿದ್ದು, ರೆಕ್ಕೆಯ ಒಂದು ನರವೂ ಕೆಡದೆ ಹಾಗೇ ಉಳಿದಿರುತ್ತದೆ. ಆ ನರಗಳನ್ನು ನೋಡಿಯೇ ಅದು ಯಾವ ಕುಲದ ನೊಣ ಎಂದು ಹೇಳುವುದು. ಮೋಸವೂ ಉಂಟು. ಹೊಸ ಅಂಟನ್ನು ಕರಗಿಸಿ, ಮನೆಯ ನೊಣವನ್ನೇ ಹಿಡಿದು ಅದರಲ್ಲಿ ಅದ್ದಿ ಮಾರುವವರಿದ್ದಾರೆ.

ಬಂದವರ ಹೆಸರು ಭೂಪಾಲ. ಜುಗೂಳದ ಜೈನ ಒಕ್ಕಲಿನವರು, ಕಬ್ಬು ಮತ್ತು ದ್ರಾಕ್ಷಿ ಬೆಳೆಯುತ್ತಿದ್ದರು. ಅವರ ತಾಯಿ ಅಕ್ಕಾತಾಯಿಯ ಹತ್ತಿರ ನೂರೆಂಟು ಹಳದಿ ಮಣಿಗಳ ಜಪಮಾಲೆ ಇತ್ತು. ಆಕೆಯ ತಂದೆ ನಿಪ್ಪಾಣಿಯ ಒಬ್ಬ ತಂಬಾಕು ವ್ಯಾಪಾರಿಯ ಗುಮಾಸ್ತರಾಗಿ ರಂಗೂನಿಗೆ ಹೋದಾಗ ಕೊಂಡು ತಂದು ಮಗಳ ಮದುವೆಯಲ್ಲಿ ಕೊಟ್ಟದ್ದು. ಆ ಮನೆಯಲ್ಲಿ ಒಬ್ಬರ ಜಪಮಾಲೆಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಹತ್ತಿರದಿಂದ ನೋಡುವುದೂ ಇಲ್ಲ. ಹೀಗಾಗಿ ಐವತ್ತೆರಡು ವರ್ಷ ಅದರ ಒಂದು ಮಣಿಯೊಳಗಿನ ಕಪ್ಪು ಚುಕ್ಕೆಯನ್ನು ಎಲ್ಲರೂ ಕಲೆ ಎಂದೇ ತಿಳಿದಿದ್ದರು. ಕಳೆದ ದೀಪಾವಳಿಯ ನಂತರ ಮಿರಜದಲ್ಲಿ ಕಣ್ಣಿನ ಪೊರೆ ತೆಗೆಸಿ, ದಪ್ಪ ಚಷ್ಮಾ ಹಾಕಿಕೊಂಡು ಮನೆಗೆ ಬಂದ ಮುದುಕಿ ಮಾಲೆ ಎತ್ತಿಕೊಂಡಳು. ಕಲೆಗೆ ಕಾಲುಗಳಿದ್ದವು.

ಮಣಿಯನ್ನು ಒಮ್ಮೆ ನೋಡಿ ಹೇಳಿ ಎಂದು ಕೇಳಿಕೊಂಡರು, ಹೊರಟೆ. ಅಥಣಿಯಿಂದ ಮಂಗಸೂಳಿಯ ಮೇಲೆ ಹಾಯ್ದು ಕಾಗವಾಡಕ್ಕೆ ಹೋಗುವ ಬಸ್ಸಿನಲ್ಲಿ ಭೂಪಾಲ ಉಳಿದದ್ದನ್ನು ಹೇಳಿದರು. ಅಕ್ಕಾತಾಯಿಗೆ ಎಪ್ಪತ್ತು ಮುಗಿದಿತ್ತು. ಸಲ್ಲೇಖನ ವ್ರತ ಹಿಡಿದು, ಆಹಾರವನ್ನು ಕ್ರಮವಾಗಿ ಬಿಟ್ಟು, ಜಪ ಮಾಡುತ್ತ ಶಾಂತವಾಗಿ ದೇಹ ಬಿಡಬೇಕೆಂದು ಆಕೆ ವರ್ಷದಿಂದ ಸಿದ್ಧಳಾಗುತ್ತಿದ್ದಳು. ಆಗಲೇ ಒಂದು ಹೊತ್ತಿನ ಊಟಕ್ಕೆ ಬಂದಿದ್ದಳು. ಅಷ್ಟರಲ್ಲಿ ಈ ನೊಣ ಕಂಡಿತು. ಮಂಗಸೂಳಿಯ ಹತ್ತಿರ ಕಾಲ್ನಡಿಗೆಯ ವಿಹಾರದಲ್ಲಿದ್ದ ಮುನಿಗಳನ್ನು ಕೇಳಿದರೆ, ಮನಸ್ಸಿನಲ್ಲಿ ಶಂಕೆ ಇರುವತನಕ ವ್ರತ ಕೊಡಲಾಗದು ಎಂದರಂತೆ. ನೊಣ ತಾನಾಗಿ ಸತ್ತದ್ದಾದರೆ ಶಂಕೆ ತೀರಿತು. ಮಣಿ ಮಾಡಲು ಯಾರೋ ಕೊಂದದ್ದಾದರೆ ಮೊದಲು ಒಂದು ವರ್ಷದ ಪ್ರಾಯಶ್ಚಿತ್ತ, ಅದಕ್ಕೆ ಶರೀರ ಬೇಕು, ಊಟ ಬೇಕು.

ಕಾಗವಾಡದಲ್ಲಿ ಇಳಿದು ಚಹಾ ಕುಡಿದೆವು. ಜುಗೂಳದ ಟೆಂಪೋ ಹೊರಡುವ ಮುಂಚೆ ಭೂಪಾಲ ನನ್ನನ್ನು ಬೇವಿನ ಗಿಡದ ಕೆಳಗೆ ಕರೆದೊಯ್ದರು.

“ಸರ್, ಕೊಂದದ್ದು ಅಂತ ಹೇಳಿಬಿಡ್ರಿ,” ಎಂದರು. “ಒಂದ ವರ್ಷರ ಉಣ್ತಾಳ. ನನಗ ನಮ್ಮವ್ವ ಬೇಕ್ರಿ.”

ನನಗೆ ಸಿಟ್ಟು ಬಂತು. ನೊಣ ಏನು ಹೇಳುತ್ತದೋ ಅದನ್ನೇ ನಾನು ಹೇಳುವುದು, ಬೇರೆ ಮಾತು ಬೇಕಿದ್ದರೆ ಬೇರೆಯವರನ್ನು ಕರೆದುಕೊಂಡು ಹೋಗಿ ಎಂದು ಬಿರುಸಾಗಿಯೇ ಅಂದೆ. ಅವರು ಟೋಪಿ ತೆಗೆದು ಹಣೆ ಒರೆಸಿಕೊಂಡರು, ಮತ್ತೆ ಆ ಮಾತು ಎತ್ತಲಿಲ್ಲ. ಟೆಂಪೋದಲ್ಲಿ ನಾನು ನಡುನಡುವೆ ಅವರ ಕಡೆ ನೋಡುತ್ತಿದ್ದೆ. ನನ್ನ ತಾಯಿ ತೀರಿ ಆಗ ಎರಡು ವರ್ಷವೂ ಆಗಿರಲಿಲ್ಲ.

ಜುಗೂಳ ಕೃಷ್ಣೆಯ ದಂಡೆಯ ಊರು. ಕರಿಮಣ್ಣು, ಎದೆಮಟ್ಟದ ಕಬ್ಬು. ಭೂಪಾಲರ ಹೊಲದ ಅಂಚಿನಲ್ಲಿ ದ್ರಾಕ್ಷಿ ಒಣಗಿಸುವ ಹಸಿರು ಬಲೆಯ ಶೆಡ್ಡು, ಅದರ ಸುತ್ತ ಜೀವಂತ ನೊಣಗಳ ಮುತ್ತಿಗೆ. ಅತ್ತೆ ಈ ತೋಟದ ದ್ರಾಕ್ಷಿ ಬಾಯಿಗೆ ಹಾಕಿ ಹತ್ತು ವರ್ಷವಾಯಿತು, ನಾವು ಹುಳಕ್ಕೆ ಔಷಧ ಹೊಡೆಯುತ್ತೇವಲ್ಲ ಎಂದು ಭೂಪಾಲರ ಹೆಂಡತಿ ಸುಶೀಲಾಬಾಯಿ ಹೇಳಿದರು. ಜೈನರ ಮನೆ, ಹೊತ್ತು ಮುಳುಗುವ ಮೊದಲು ಊಟ ಆಗಬೇಕು. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಐದೂವರೆಗೆ ಎಲೆ ಹಾಕುತ್ತೇವೆ, ಅಷ್ಟರಲ್ಲಿ ಮುಗಿಯುತ್ತದೆಯೇ ಎಂದು ಕೇಳಿದರು. ಮುಗಿಯದೆ ಏನು ಎಂದೆ.

ಅಕ್ಕಾತಾಯಿ ಪಡಸಾಲೆಯ ಕಿಟಕಿಯ ಹತ್ತಿರ ಚಾಪೆಯ ಮೇಲೆ ಕೂತಿದ್ದಳು. ಒಣಗಿದ ಕೈ, ಬಿಳಿ ಸೀರೆ, ಚಷ್ಮಾದ ಹಿಂದೆ ಹಿಗ್ಗಿದಂತೆ ಕಾಣುವ ಕಣ್ಣು. ನನ್ನನ್ನು ಕೂರಿಸಿ, ನೀರು ಕೊಡಿಸಿ, ಪ್ರಯಾಣದ ಬಗ್ಗೆ ಕೇಳಿ ಆಮೇಲೆಯೇ ವಿಷಯಕ್ಕೆ ಬಂದಳು.

“ಇದು ನಾಕ ಇಂದ್ರಿಯದ ಜೀವ. ತಾನ ಸತ್ತೈತೋ, ಯಾರರ ಕೊಂದಾರೋ, ಅಷ್ಟ ಹೇಳ್ರಿ ಮಾಸ್ತರ. ನನಗ ಸಮಾಧಾನ ಆಗ್ಲೆಂತ ಏನೂ ಹೇಳಬ್ಯಾಡ್ರಿ.”

ಜೈನರ ಲೆಕ್ಕದಲ್ಲಿ ನೊಣಕ್ಕೆ ಕಿವಿ ಬಿಟ್ಟು ಉಳಿದ ನಾಲ್ಕು ಇಂದ್ರಿಯಗಳಿವೆ. ಅಂಬರ್ ಅಸಲಿಯೋ ನಕಲಿಯೋ ಎಂದು ತಿಳಿಯಲು ಮೂರು ನಾಲ್ಕು ದಾರಿಗಳಿವೆ. ಸ್ಪಿರಿಟ್ ಹಚ್ಚಿ ತಿಕ್ಕಿದರೆ ಹೊಸ ಅಂಟು ಜಿಗುಟಾಗುತ್ತದೆ. ಆದರೆ ಸ್ಪಿರಿಟ್ ಎಂದರೆ ಮದ್ಯ, ಜಪದ ಮಣಿಗೆ ತಾಗಿಸುವಂತಿಲ್ಲ. ಕಾದ ಸೂಜಿ ಚುಚ್ಚಿದರೆ ವಾಸನೆಯಿಂದ ಗೊತ್ತಾಗುತ್ತದೆ. ಸತ್ತ ಜೀವಕ್ಕೆ ಮತ್ತೆ ಬೆಂಕಿಯೇ ಎಂದಳು ಮುದುಕಿ. ಮಣಿಯನ್ನು ಒಂದು ಬದಿಗೆ ಉಜ್ಜಿ ಚಪ್ಪಟೆ ಮಾಡಿದರೆ ಒಳಗಿನದು ನೇರ ಕಾಣುತ್ತದೆ, ಉಜ್ಜಿದರೆ ಮಣಿ ಭಿನ್ನವಾಗುತ್ತದೆ. ಉಳಿದದ್ದು ಉಪ್ಪುನೀರು. ಆಕೆ ತಾನೇ ಕೈಗಿತ್ತ ಮಾಲೆಯನ್ನು ಪಾತ್ರೆಯಲ್ಲಿ ಇಳಿಬಿಟ್ಟೆ, ತೇಲಿತು. ಗಾಜಲ್ಲ, ಪ್ಲಾಸ್ಟಿಕ್ಕಲ್ಲ. ಆದರೆ ಹೊಸ ಅಂಟೂ ಹೀಗೇ ತೇಲುತ್ತದೆ. ಇನ್ನು ನೊಣವೇ ಸಾಕ್ಷಿ ಹೇಳಬೇಕು.

ಕಿಟಕಿಯ ಬೆಳಕಿಗೆ ಮಣಿ ಹಿಡಿದು ಭೂತಗನ್ನಡಿ ಇಟ್ಟೆ. ಬೋರೆಹಣ್ಣಿನಷ್ಟು ದುಂಡು ಮಣಿ. ಒಳಗೆ ಕಾಲು ಮಡಚಿ ಒರಗಿದ ನೊಣ, ಒಂದು ರೆಕ್ಕೆ ಹರಡಿತ್ತು. ಮನೆನೊಣದ ರೆಕ್ಕೆಯಲ್ಲಿ ಒಂದು ನರ ತುದಿಗೆ ಬರುವಷ್ಟರಲ್ಲಿ ಥಟ್ಟನೆ ಮೇಲಕ್ಕೆ ಬಾಗುತ್ತದೆ. ಮೊದಲ ವರ್ಷದ ಹುಡುಗರಿಗೂ ಕಲಿಸುವ ಗುರುತು ಅದು. ಅಂಬರಿನ ಕಾಲದಲ್ಲಿ ಮನೆನೊಣ ಹುಟ್ಟಿಯೇ ಇರಲಿಲ್ಲ. ಬಾಗಿದ ನರ ಕಂಡರೆ, ಯಾರೋ ನಿನ್ನೆ ಮೊನ್ನೆ ಹಿಡಿದು ಅದ್ದಿದ್ದು ಎಂದೇ ಅರ್ಥ.

ನರ ಬಾಗಿತ್ತು. ಬಾಗಿದಂತೆ ಕಂಡಿತು.

ದುಂಡು ಮಣಿಯೊಳಗೆ ಗೆರೆಗಳು ಸೊಟ್ಟಗೆ ಕಾಣುತ್ತವೆ. ನೀರಿನ ಲೋಟದಲ್ಲಿಟ್ಟ ಚಮಚ ಮುರಿದಂತೆ ಕಾಣುವುದಿಲ್ಲವೇ, ಹಾಗೆ. ಇದು ನನಗೆ ಗೊತ್ತಿತ್ತು. ಉಜ್ಜಲಾಗದಿದ್ದರೆ ಮಣಿಯನ್ನು ಒಂದು ಬಟ್ಟಲು ಎಣ್ಣೆಯಲ್ಲಿ ಮುಳುಗಿಸಿ ನೋಡಬೇಕು, ಎಣ್ಣೆಯಲ್ಲಿ ಮಣಿಯ ದುಂಡು ಮಾಯವಾಗಿ ಒಳಗಿನದಷ್ಟೇ ಉಳಿಯುತ್ತದೆ. ಅದೂ ಗೊತ್ತಿತ್ತು. ಹತ್ತು ಹೆಜ್ಜೆಯಾಚೆ ಅಡಿಗೆಮನೆಯಲ್ಲಿ ಕುಸುಬಿ ಎಣ್ಣೆಯ ಡಬ್ಬಿ ಇತ್ತು. ಕೇಳಿದ್ದರೆ ಮುದುಕಿ ಬೇಡ ಎನ್ನುತ್ತಿರಲಿಲ್ಲ. ನಾನು ಕೇಳಲಿಲ್ಲ. ಬಾಗಿಲಲ್ಲಿ ಭೂಪಾಲ ನಿಂತಿದ್ದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಒಳಗೊಳಗೇ ಹಿಗ್ಗಿದೆ. ಸುಳ್ಳು ಹೇಳದೆಯೇ ಒಬ್ಬ ಮಗನಿಗೆ ತಾಯಿಯನ್ನು ಒಂದು ವರ್ಷ ಉಳಿಸಿಕೊಡುವ ಅವಕಾಶ, ಅದನ್ನು ಎಣ್ಣೆಯಲ್ಲಿ ಅದ್ದಿ ಪರೀಕ್ಷಿಸುವ ಮನಸ್ಸು ನನಗಾಗಲಿಲ್ಲ.

“ಕೊಂದದ್ದು, ಅಮ್ಮ. ಇದು ಮನೆಯ ನೊಣ,” ಎಂದೆ.

ಆಕೆ ಅಳಲಿಲ್ಲ. ತನ್ನ ಬಲಗೈಯ ಹೆಬ್ಬೆರಳನ್ನು ಚಷ್ಮಾದ ಹತ್ತಿರ ತಂದು ಬಹಳ ಹೊತ್ತು ನೋಡಿಕೊಂಡಳು. ದಿನಕ್ಕೆ ಮೂರು ಸಲ, ಐವತ್ತೆರಡು ವರ್ಷ ಆ ಬೆರಳು ಆ ಮಣಿಯನ್ನು ದಾಟಿತ್ತು. ಸೊಸೆಯನ್ನು ಕರೆದು ದಾರ ಕತ್ತರಿಸಿ ಆ ಒಂದು ಮಣಿಯನ್ನು ತೆಗೆಸಿದಳು. ಮನೆಯಲ್ಲಿ ಇಡುವುದು ಬೇಡ, ಹೊಳೆಗೆ ಬಿಟ್ಟರೆ ಮೀನು ನುಂಗೀತು, ನೀವೇ ಒಯ್ಯಿರಿ ಎಂದು ನನ್ನ ಕೈಗೆ ಕೊಟ್ಟಳು. ಐದೂವರೆಗೆ ಎಲೆ ಹಾಕಿದರು. ಬಿಸಿ ರೊಟ್ಟಿ, ಬದನೆಕಾಯಿ ಇಲ್ಲದ, ಉಳ್ಳಾಗಡ್ಡಿ ಇಲ್ಲದ ಪಲ್ಲೆ, ಗಟ್ಟಿ ಮೊಸರು. ಹಸಿದಿದ್ದೆ, ಚೆನ್ನಾಗಿ ಉಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಕಾಗವಾಡದಿಂದ ಕೊನೆಯ ಬಸ್ಸು ಹಿಡಿದು ಚಿಕ್ಕೋಡಿಗೆ ಹೋದೆ. ಬಸ್ ಸ್ಟ್ಯಾಂಡಿನ ಎದುರು ಲಾಡ್ಜು, ನಲವತ್ತು ರೂಪಾಯಿ ಕೋಣೆ, ಸೊಳ್ಳೆ ಪುಕ್ಕಟೆ. ಬೆಳಿಗ್ಗೆ ಸ್ನಾನ ಮಾಡಿ ತಲೆಗೆ ಹಚ್ಚಲು ಕೆಳಗಿನ ಅಂಗಡಿಯಿಂದ ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ ತಂದೆ. ಹೊರಗೆ ಒಳ್ಳೆಯ ಬಿಸಿಲಿತ್ತು. ನಕಲಿ ಅಂಬರಿನ ಬಗ್ಗೆ ಬರೆಯುವ ಲೇಖನಕ್ಕೆ ಒಂದು ಚಿತ್ರ ಬರೆದುಕೊಳ್ಳೋಣ ಎಂದು, ಬೇರೆ ಯಾವ ಯೋಚನೆಯೂ ಇಲ್ಲದೆ, ಚಹಾದ ಕಪ್ಪಿನ ಬಸಿಗೆ ಎಣ್ಣೆ ಸುರಿದು ಮಣಿಯನ್ನು ಅದರಲ್ಲಿ ಬಿಟ್ಟೆ.

ಮಣಿ ಕಾಣದಾಯಿತು. ಎಣ್ಣೆಯಲ್ಲಿ ನೊಣವೊಂದೇ ನಿಂತಿತ್ತು. ಬಾಗಿದ ನರ ನೇರವಾಗಿತ್ತು. ಅದರ ಪಕ್ಕದ ನರ ತುದಿಯಲ್ಲಿ ಕವಲೊಡೆದಿತ್ತು, ಮನೆನೊಣಕ್ಕೆ ಅಂಥ ಕವಲಿಲ್ಲ. ಕಾಲಿನ ತುದಿ ನೋಡಿದೆ. ಮನೆನೊಣದ ಕಾಲಿಗೆ ಎರಡು ಮೆತ್ತೆ, ಇದಕ್ಕೆ ಮೂರು. ಮತ್ತೆ ಎಣಿಸಿದೆ. ಮಣಿ ತಿರುಗಿಸಿ ಇನ್ನೊಂದು ಕಾಲಲ್ಲಿ ಎಣಿಸಿದೆ, ಮೂರೇ. ಕಾಡಿನ ತೇವದಲ್ಲಿ ಇರುವ ಹಳೆಯ ಕುಲದ ನೊಣ ಅದು. ಈ ರೂಪದ್ದು ಇಂದು ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಮನುಷ್ಯನ ಕೈ ಎಂಬುದೇ ಇಲ್ಲದ ಕಾಲದಲ್ಲಿ ಮರದ ಅಂಟಿನ ಮೇಲೆ ಕೂತು, ಏಳಲಾರದೆ ಸತ್ತದ್ದು. ನಾನು ಹಾಸಿಗೆಯ ಮೇಲೆ ಕೂತುಬಿಟ್ಟೆ.

ಆಗಲೇ ಹಿಂದಿರುಗಬೇಕಿತ್ತು. ಹೋಗಲಿಲ್ಲ. ನಿಪ್ಪಾಣಿಯಲ್ಲಿ ಹತ್ತು ಗಂಟೆಗೆ ಪರೀಕ್ಷೆ, ಮಕ್ಕಳು ಕಾಯುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಕರ್ತವ್ಯ ಎನ್ನುವುದು ಹೇಡಿಗೆ ಒಳ್ಳೆಯ ಕೊಡೆ. ಎರಡು ದಿನ ನಿಪ್ಪಾಣಿಯಲ್ಲಿದ್ದೆ. ಊರಿಗೆ ಊರೇ ತಂಬಾಕಿನ ಘಾಟು, ಪ್ರಯೋಗಾಲಯದ ಒಳಗೂ ಸೀನು ನಿಲ್ಲದು. ಮೇಣದ ತಟ್ಟೆಗಳಲ್ಲಿ ಜಿರಲೆಗಳನ್ನು ಗುಂಡುಸೂಜಿಯಿಂದ ಚುಚ್ಚಿ ಮಲಗಿಸಿದ್ದರು. ಪ್ರತಿ ವರ್ಷ ನೋಡುವುದೇ. ಆ ವರ್ಷ ಎಣಿಸಿದೆ, ನಲವತ್ತೊಂದು ಇದ್ದವು.

ಎರಡನೆಯ ದಿನ ಒಬ್ಬ ಹುಡುಗಿಗೆ ಸೂಕ್ಷ್ಮದರ್ಶಕದ ಕೆಳಗಿನ ಸ್ಲೈಡು ತೋರಿಸಿ ಇದೇನು ಎಂದು ಕೇಳಿದೆ. ಸ್ಲೈಡು ಹಳೆಯದು, ಮಸುಕಾಗಿತ್ತು. ಅವಳು ಮೂರು ಸಲ ನೋಡಿದಳು. ಸರಿಯಾಗಿ ಕಾಣುತ್ತಿಲ್ಲ, ಆದ್ದರಿಂದ ಹೇಳಲಾರೆ ಎಂದಳು. ಹೇಳದಿದ್ದರೆ ಅಂಕ ಹೋಗುತ್ತದೆ ಎಂದು ಹೆದರಿಸಿದೆ. ಹೋಗಲಿ ಎಂದಳು. ಪೂರ್ತಿ ಅಂಕ ಕೊಟ್ಟೆ. ಜೊತೆಗಿದ್ದ ಪರೀಕ್ಷಕರು ವಿಚಿತ್ರವಾಗಿ ನೋಡಿದರು.

ಮೂರನೆಯ ದಿನ ಬೆಳಿಗ್ಗೆ ಭೋಜದ ಮೇಲೆ ಹೋಗುವ ಬಸ್ಸು ಹತ್ತಿದೆ. ಅಲ್ಲಿಂದ ಮುಂದೆ ಟೆಂಪೋ, ಆಮೇಲೆ ನಡಿಗೆ, ಕೊನೆಗೆ ಒಂದು ರೂಪಾಯಿಗೆ ಕೃಷ್ಣೆಯ ದೋಣಿ. ನೀರು ಇಳಿದು ದಂಡೆಯ ಕೆಸರು ಬಿರುಕು ಬಿಟ್ಟಿತ್ತು. ಜೇಬಿನಲ್ಲಿ ಮಣಿ, ಚೀಲದಲ್ಲಿ ಎಣ್ಣೆಯ ಬಾಟಲಿ ಮತ್ತು ಬಸಿ. ಕಣ್ಣಾರೆ ತೋರಿಸಿದರೆ ಮುಗಿಯಿತಲ್ಲ ಎಂದುಕೊಂಡಿದ್ದೆ. ದಾರಿಯುದ್ದಕ್ಕೂ ತಪ್ಪೊಪ್ಪಿಗೆಯ ಮಾತುಗಳನ್ನು ಜೋಡಿಸಿಕೊಂಡೆ.

ಸುಶೀಲಾಬಾಯಿ ಬಾಗಿಲಲ್ಲೇ ಸಿಕ್ಕಿ ಪಿಸುಮಾತಿನಲ್ಲಿ ಹೇಳಿದರು. ಮುನಿಗಳು ಪ್ರಾಯಶ್ಚಿತ್ತ ಹೇಳಿ ಕಳಿಸಿದ್ದರು, ಹೊಸ ಗಂಧದ ಮಾಲೆಯೂ ಬಂದಿತ್ತು. ಅತ್ತೆ ಅದನ್ನು ಮುಟ್ಟಿಲ್ಲ. ಜಪ ನಿಂತಿದೆ. ಬಚ್ಚಲಿಗೆ ಹೋಗಿ ಬಲಗೈಯನ್ನು ಬೂದಿ ಹಾಕಿ ತಿಕ್ಕುತ್ತಾರೆ, ದಿನಕ್ಕೆ ಎಷ್ಟು ಸಲವೋ ಲೆಕ್ಕವಿಲ್ಲ. ಒಳಗೆ ಹೋದೆ. ಅದೇ ಕಿಟಕಿ, ಅದೇ ಚಾಪೆ. ಮುದುಕಿಯ ಹೆಬ್ಬೆರಳಿನ ಚರ್ಮ ಕಿತ್ತು ಕೆಂಪಾಗಿತ್ತು.

ನಾನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಎಣ್ಣೆಯಲ್ಲಿ ನೋಡಬೇಕಿತ್ತು, ನೋಡಿರಲಿಲ್ಲ. ಇದು ಯಾರೂ ಕೊಂದ ನೊಣವಲ್ಲ, ಕೋಟ್ಯಂತರ ವರ್ಷದ ಹಿಂದೆ ತಾನಾಗಿ ಸತ್ತದ್ದು. ಬಸಿಗೆ ಎಣ್ಣೆ ಸುರಿದು, ಮಣಿ ಮುಳುಗಿಸಿ, ಭೂತಗನ್ನಡಿಯನ್ನು ಆಕೆಯ ಕಡೆ ಚಾಚಿದೆ. ಆಕೆ ತೆಗೆದುಕೊಳ್ಳಲಿಲ್ಲ. ಬಸಿಯ ಕಡೆ ಕಣ್ಣೂ ಹಾಯಿಸಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು, ಕನಿಕರದಿಂದ.

“ಅವತ್ತ ನೀವು ಮಣಿ ನೋಡಿ ಹೇಳಿದ್ರಿ, ಮಾಸ್ತರ. ಇವತ್ತ ನನ್ನ ನೋಡಿ ಹೇಳಾಕತ್ತೀರಿ.”

ಪೂರ್ತಿ ತಿರುವುಮುರುವು. ನಾನು ಮುದುಕಿಯ ಮನೆಯನ್ನು, ಮಗನನ್ನು ನೋಡಿ ಹೇಳಿದ್ದು ಅವತ್ತು. ಮಣಿ ನೋಡಿ ಹೇಳುತ್ತಿದ್ದದ್ದು ಇವತ್ತು. ಅದನ್ನು ಬಾಯಿಬಿಟ್ಟು ಹೇಳಬೇಕಾದರೆ ಬೇವಿನ ಗಿಡದ ಕೆಳಗಿನ ಮಾತು ಹೊರಗೆ ಬರಬೇಕು. ನಾನು ಬಾಗಿಲ ಕಡೆ ನೋಡಿದೆ. ಭೂಪಾಲ ನಿಂತಿದ್ದರು. ನನ್ನ ನೋಟ ಅವರಿಗೆ ತಿಳಿಯಿತು. ಒಳಗೆ ಬಂದು ತಾಯಿಯ ಕಾಲ ಹತ್ತಿರ ಕೂತರು.

“ಅವ್ವಾ, ಸರ್ ಖರೇ ಹೇಳಾಕತ್ತಾರ. ಅವತ್ತ ಕೊಂದದ್ದು ಅಂತ ಹೇಳ್ರಿ ಅಂತ ನಾನ ಬೇಡಿಕೊಂಡಿದ್ನಿ. ನೀ ಉಣಲಿ ಅಂತ.”

ಮುದುಕಿ ಮಗನ ತಲೆಯ ಮೇಲೆ ಕೈ ಇಟ್ಟಳು, ಎಡಗೈ. ಬೈಯಲಿಲ್ಲ. ಸ್ವಲ್ಪ ಹೊತ್ತು ಅವನ ಕೂದಲು ಸವರಿದಳು.

“ಅವತ್ತ ಬೇಡಿಕೊಂಡಂವ, ಇವತ್ತ ಬೇಡಿಕೊಂಡಿಲ್ಲಂತ ಹೆಂಗ ನಂಬಲೋ ನನ್ನಪ್ಪಾ?”

ನಾನು ಇನ್ನೊಮ್ಮೆ ಬಸಿಯನ್ನು ಮುಂದೆ ತಳ್ಳಿದೆ. ಆಕೆ ಕಣ್ಣು ಮುಚ್ಚಿಕೊಂಡಳು. ಚಷ್ಮಾ ತೆಗೆದು ಸೆರಗಿನಲ್ಲಿ ಸುತ್ತಿ ಪಕ್ಕಕ್ಕಿಟ್ಟಳು, ಬಂದವರಿಗೆ ಊಟಕ್ಕೆ ಹಾಕು ಎಂದು ಸೊಸೆಗೆ ಹೇಳಿದಳು. ನಾನು ಉಣ್ಣಲಾರೆ ಎಂದೆ. ಆಕೆಯ ತಟ್ಟೆ ಬಂತು. ಎರಡು ರೊಟ್ಟಿ, ಪಲ್ಲೆ, ಅನ್ನ. ಬಲಗೈಯನ್ನು ಮಡಿಲಲ್ಲೇ ಇಟ್ಟುಕೊಂಡು ಚಮಚದಿಂದ ಎಡಗೈಯಲ್ಲಿ ಉಂಡಳು. ಏನು ಬಡಿಸಿದರೂ ಬೇಡ ಎನ್ನಲಿಲ್ಲ. ಇನ್ನಷ್ಟು ಬಡಿಸಿದರು, ಅದನ್ನೂ ಉಂಡಳು.

ಮಣಿಯನ್ನು ಒರೆಸಿ ಜೇಬಿಗೆ ಹಾಕಿಕೊಂಡೆ. ಯಾರೂ ಅದನ್ನು ಕೇಳಲಿಲ್ಲ. ಭೂಪಾಲ ನನ್ನನ್ನು ಬಿಡಲು ಟೆಂಪೋದವರೆಗೆ ಬಂದರು. ಶೇಡಬಾಳದಲ್ಲಿ ಸಂಜೆಯ ರೈಲು ಸಿಗಬೇಕಾದರೆ ಬೇಗ ಹೊರಡಬೇಕಿತ್ತು. ದಾರಿಯಲ್ಲಿ ನಾನು ಕ್ಷಮೆ ಕೇಳಿದೆ, ಅವರು ಕೇಳಿಸಿಕೊಂಡರೋ ಇಲ್ಲವೋ. ಮುನಿಗಳಿಗೆ ಪತ್ರ ಬರೆದುಕೊಡುತ್ತೇನೆ ಎಂದೆ. ಬರೆಯಿರಿ ಎಂದರು. ಆಕೆ ಮುನಿಗಳ ಮಾತನ್ನೂ ಈಗ ಮಗನೇ ಹೇಳಿಸಿದ್ದೆಂದು ತಿಳಿಯುತ್ತಾಳೆ ಎಂದೂ ಸೇರಿಸಿದರು. ಟೆಂಪೋ ತುಂಬುವತನಕ ಇಬ್ಬರೂ ಬಿಸಿಲಲ್ಲಿ ನಿಂತಿದ್ದೆವು.

ನಾನು ಹತ್ತಿ ಕೂತ ಮೇಲೆ ಅವರು ಕಿಟಕಿಯ ಹತ್ತಿರ ಬಂದರು.

“ಎರಡೂ ಹೊತ್ತು ಉಣ್ಣಾಕತ್ತಾಳ ನೋಡ್ರಿ ಸರ್,” ಎಂದರು. “ನಾ ಬೇಡಿದ್ದು ಅದನ್ನ ಅಲ್ಲೇನ್ರಿ.”

ಟೆಂಪೋ ಹೊರಟಿತು. ಕಬ್ಬಿನ ತಿರುವಿನಲ್ಲಿ ಹಿಂದೆ ನೋಡಿದೆ. ಅವರು ಮನೆಯ ಕಡೆ ತಿರುಗದೆ ರಸ್ತೆಯಲ್ಲೇ ನಿಂತಿದ್ದರು.